ರೈಲು ನಿಲ್ದಾಣದ ನೆತ್ತಿ ಮೇಲೆ ಹಾಕಿ ಅಂಗಳ: ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಹೋಗುವವರು ತಿಳಿದಿರಬೇಕಾದ್ದು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಅಪ್ಪ-ಅಮ್ಮಂದಿರು ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ನಾಲ್ಕೈದು ತಿಂಗಳು ಇದ್ದು ಬರೋದು ಈಗ ಅಪರೂಪವೇನಲ್ಲ. ಅಲ್ಲಿಂದ ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೋಟೋಗಳಲ್ಲಿ ಟೈಮ್ಸ್ ಸ್ಕ್ವೇರ್ ಇರುತ್ತೆ, ಲಿಬರ್ಟಿ ಪ್ರತಿಮೆ ಇರುತ್ತೆ. ಒಮ್ಮೊಮ್ಮೆ ಡಬ್ಬಿಯಂತೆ ದುಂಡಗಿರುವ ಒಂದು ಕಟ್ಟಡವೂ ಇರುತ್ತೆ. ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಹೆಸರಲ್ಲಿ ಗಾರ್ಡನ್ ಇದ್ದರೂ ಒಂದು ಗಿಡವೂ ಇಲ್ಲ. ಮ್ಯಾಡಿಸನ್ ಸ್ಕ್ವೇರ್ ಎಂಬ ಚೌಕವೂ ಅಲ್ಲಿಲ್ಲ, ಅದು ಸುಮಾರು ಒಂದು ಮೈಲಿ ಆಚೆಗಿದೆ.

ಈ ಕಟ್ಟಡ ಸುದ್ದಿಯಲ್ಲಿರೋದು ಆಟಕ್ಕಿಂತ ಹೆಚ್ಚಾಗಿ ಜಾಗದ ವಿಷಯಕ್ಕೆ. 2023ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ನಗರಸಭೆ ಇದಕ್ಕೆ ಕೊಟ್ಟ ಪರವಾನಗಿ ಬರೀ 5 ವರ್ಷದ್ದು. ಅಂದ್ರೆ 2028ಕ್ಕೆ ಮುಗಿಯುತ್ತೆ. ಕೆಳಗಿರುವ ರೈಲು ನಿಲ್ದಾಣವನ್ನು ಹೊಸದಾಗಿ ಕಟ್ಟುವ ಕೆಲಸವನ್ನು 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಮೇಲಿರೋ ಅಂಗಳ ಉಳಿಯುತ್ತಾ, ಆಚೆ ಹೋಗುತ್ತಾ ಎಂಬ ಪ್ರಶ್ನೆ ಅಲ್ಲಿಂದ ಮತ್ತೆ ಬಿಸಿಯಾಗಿದೆ. ಹಾಗಾಗಿ ಅಲ್ಲಿಗೆ ಟಿಕೆಟ್ ತೆಗೆಯುವವರು ಬರೀ ಸೀಟು ನಂಬರ್ ನೋಡಿಕೊಂಡರೆ ಸಾಲದು, ಆ ಸೀಟು ಯಾರ ತಲೆ ಮೇಲಿದೆ ಅನ್ನೋದೂ ಗೊತ್ತಿದ್ದರೆ ಒಳ್ಳೆಯದು.

ಇದು ನಮ್ಮ ಹಾಕಿ ಅಲ್ಲ

ಮೊದಲು ಆಟದ ವಿಷಯ. ಕೊಡಗಿನವರಿಗೆ ಹಾಕಿ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳು ಹೆಸರು ನೋಂದಾಯಿಸಿ ಗಿನ್ನೆಸ್ ಪುಸ್ತಕ ಸೇರಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396 ತಂಡ. ಇಂಥ ಜಿಲ್ಲೆಯಿಂದ ಹೋದವರು 'ಹಾಕಿ ಮ್ಯಾಚ್' ಅಂತ ಬೋರ್ಡ್ ನೋಡಿ ಒಳಗೆ ಹೋದರೆ ಮೊದಲ ಹತ್ತು ನಿಮಿಷ ತಬ್ಬಿಬ್ಬಾಗೋದು ಸಹಜ.

ಅಲ್ಲಿರೋದು ಐಸ್ ಹಾಕಿ. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳ. ನಮ್ಮ ಹಾಕಿ ಮೈದಾನದ ಮೂರನೇ ಒಂದು ಭಾಗವೂ ಆಗಲ್ಲ. ಒಂದು ತಂಡದಲ್ಲಿ ಒಮ್ಮೆಗೆ ಗೋಲ್‌ಕೀಪರ್ ಸೇರಿ 6 ಜನ. ಚೆಂಡಿನ ಬದಲು ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ, ಅದನ್ನು ಪಕ್ ಅಂತಾರೆ. 20 ನಿಮಿಷದ ಮೂರು ಅವಧಿ, ಮಧ್ಯೆ ಎರಡು ಬಿಡುವು. ಆಟ ನಡೆಯುತ್ತಿರುವಾಗಲೇ ಆಟಗಾರರು ಗೋಡೆ ಹಾರಿ ಬದಲಾಗುತ್ತಾ ಇರುತ್ತಾರೆ, ಅಂಪೈರ್ ಸೀಟಿ ಊದುವವರೆಗೆ ಕಾಯಬೇಕಿಲ್ಲ. ಇನ್ನು ಜಗಳ. ಇಬ್ಬರು ಕೈಗವಸು ಕಿತ್ತೆಸೆದು ಗುದ್ದಾಡಿಕೊಂಡರೆ ಸಾಮಾನ್ಯವಾಗಿ ಐದು ನಿಮಿಷ ಹೊರಗೆ ಕೂರಿಸುತ್ತಾರೆ, ಅಷ್ಟೇ. ನಮ್ಮಲ್ಲಿ ಆಗಿದ್ರೆ ಎರಡೂ ಕುಟುಂಬದವರು ಕೂತು ಪಂಚಾಯಿತಿ ಮಾಡಬೇಕಾಗುತ್ತಿತ್ತು.

ಈ ಅಂಗಳದ ಮನೆ ತಂಡ ನ್ಯೂಯಾರ್ಕ್ ರೇಂಜರ್ಸ್, 1926ರಲ್ಲಿ ಶುರುವಾದದ್ದು. 1940ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ ಮೇಲೆ ಮತ್ತೆ ಗೆಲ್ಲೋಕೆ 1994ರವರೆಗೆ, ಅಂದ್ರೆ 54 ವರ್ಷ ಕಾಯಬೇಕಾಯಿತು. ಆ ವರ್ಷದ ಕಥೆಯನ್ನು ಅಲ್ಲಿನ ವಯಸ್ಸಾದ ಪ್ರೇಕ್ಷಕರು ಈಗಲೂ ಹೇಳುತ್ತಿರುತ್ತಾರೆ. ಬ್ಯಾಸ್ಕೆಟ್‌ಬಾಲ್ ತಂಡ ನಿಕ್ಸ್‌ಗೂ ಇದೇ ಮನೆ. ಹಾಕಿಗೆ 18,006 ಸೀಟು, ಬ್ಯಾಸ್ಕೆಟ್‌ಬಾಲ್‌ಗೆ 19,812. ಇವತ್ತು ರಾತ್ರಿ ಹಾಕಿ, ನಾಳೆ ಬ್ಯಾಸ್ಕೆಟ್‌ಬಾಲ್ ಇದ್ದರೆ ಮಂಜುಗಡ್ಡೆಯನ್ನು ಕರಗಿಸೋದಿಲ್ಲ. ಅದರ ಮೇಲೆ ಶಾಖ ತಡೆಯುವ ಹಲಗೆಗಳನ್ನು ಜೋಡಿಸಿ, ಅದರ ಮೇಲೆ ಮರದ ನೆಲ ಹಾಸುತ್ತಾರೆ. ರಾತ್ರಿಪಾಳಿಯವರು ಕೆಲವೇ ಗಂಟೆಯಲ್ಲಿ ಈ ಕೆಲಸ ಮುಗಿಸುತ್ತಾರೆ. ನೋಡೋಕೆ ಸಿಕ್ಕಿದರೆ ಮ್ಯಾಚಿಗಿಂತ ಅದೇ ಚೆನ್ನಾಗಿರುತ್ತೆ ಅನ್ನುವವರೂ ಇದ್ದಾರೆ.

ಒಂದು ತೊಡಕು ಇದೆ. ಊರಿಂದ ಅಪ್ಪ-ಅಮ್ಮಂದಿರು ಹೋಗೋದು ಹೆಚ್ಚಾಗಿ ಅಲ್ಲಿನ ಬೇಸಿಗೆಗೆ, ಚಳಿ ತಡೆಯಲ್ಲ ಅಂತ. ಐಸ್ ಹಾಕಿ ಲೀಗ್ ಮಾತ್ರ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ತಂಡ ಚೆನ್ನಾಗಿ ಆಡಿದ ವರ್ಷ ನಾಕೌಟ್ ಪಂದ್ಯಗಳು ಮೇ, ಜೂನ್‌ವರೆಗೂ ಎಳೆಯುತ್ತವೆ, ಆದರೆ ಆಗ ಟಿಕೆಟ್ ದರ ಕೇಳಿದರೆ ಕಾಫಿ ಒಂದು ವರ್ಷದ ಫಸಲು ನೆನಪಾಗುತ್ತೆ. ಹಾಗಾಗಿ ಬೇಸಿಗೆಗೆ ಹೋದವರ ಪಾಲಿಗೆ ಸಿಗೋದು ಸಂಗೀತ ಕಾರ್ಯಕ್ರಮ, ಇಲ್ಲಾ ಬಾಕ್ಸಿಂಗ್. ಏಪ್ರಿಲ್ ಮೊದಲ ವಾರದೊಳಗೆ ತಲುಪುವವರು, ದಸರಾ ದಾಟಿ ಉಳಿಯುವವರು ಹಾಕಿ ನೋಡಬಹುದು. ಒಳಗೆ ಮಂಜುಗಡ್ಡೆ ಇರೋದರಿಂದ ಒಂದು ಸ್ವೆಟರ್ ಇರಲಿ.

ಐದನೇ ಮಹಡಿಯಲ್ಲಿ ಮೈದಾನ

ಕಟ್ಟಡ ಇರೋದು ಮ್ಯಾನ್‌ಹಟನ್ ನಡುಮಧ್ಯೆ, 7 ಮತ್ತು 8ನೇ ಅವೆನ್ಯೂ ನಡುವೆ, 31ರಿಂದ 33ನೇ ಬೀದಿವರೆಗೆ. ಅದರ ಕೆಳಗಿರೋದು ಪೆನ್ ಸ್ಟೇಷನ್. ಇಡೀ ಅಮೆರಿಕ ಖಂಡದಲ್ಲೇ ಅತಿ ಹೆಚ್ಚು ಜನ ಓಡಾಡುವ ರೈಲು ನಿಲ್ದಾಣ, ಕೋವಿಡ್‌ಗೆ ಮುಂಚೆ ದಿನಕ್ಕೆ ಸುಮಾರು 6 ಲಕ್ಷ ಜನ. ನಿಲ್ದಾಣ ಪೂರ್ತಿ ನೆಲದಡಿಯಲ್ಲಿರೋದರಿಂದ ಆಟದ ಅಂಗಳ ರಸ್ತೆಮಟ್ಟದಲ್ಲೂ ಇಲ್ಲ, ಐದನೇ ಮಹಡಿಯಲ್ಲಿದೆ. ಹಿಂದೆ ಇಲ್ಲಿ ಸರ್ಕಸ್ ನಡೆಯುವಾಗ ಆನೆಗಳನ್ನು ಇಳಿಜಾರು ದಾರಿಯಲ್ಲಿ ನಡೆಸಿ ಮೇಲಕ್ಕೆ ಹತ್ತಿಸುತ್ತಿದ್ದರು. ದುಬಾರೆ ಮಾವುತರು ಕೇಳಿದರೆ ನಕ್ಕಾರು.

ಹೀಗೆ ಒಂದರ ಮೇಲೊಂದು ಕೂರಿಸಿದ್ದು ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಗಾರ್ಡನ್ ಎಂಬ ಹೆಸರಿನ ಕಟ್ಟಡಗಳಲ್ಲಿ ಇದು ನಾಲ್ಕನೆಯದು. ಮೊದಲ ಎರಡು, ಅಂದ್ರೆ 1879ರದ್ದು ಮತ್ತು 1890ರದ್ದು, ನಿಜಕ್ಕೂ ಮ್ಯಾಡಿಸನ್ ಸ್ಕ್ವೇರ್ ಪಕ್ಕದಲ್ಲೇ ಇದ್ದವು. ಎರಡನೆಯದನ್ನು ವಿನ್ಯಾಸ ಮಾಡಿದ ಸ್ಟ್ಯಾನ್‌ಫರ್ಡ್ ವೈಟ್ ಎಂಬ ವಾಸ್ತುಶಿಲ್ಪಿಯನ್ನು 1906ರಲ್ಲಿ ಅದೇ ಕಟ್ಟಡದ ತಾರಸಿಯಲ್ಲಿ ಗುಂಡಿಟ್ಟು ಕೊಂದರು. ಮೂರನೆಯದು 1925ರಲ್ಲಿ 50ನೇ ಬೀದಿಯಲ್ಲಿ ಎದ್ದಿತು. ಹೆಸರು ಜೊತೆಗೇ ನಡೆದುಕೊಂಡು ಬಂತು, ಊರು ಬಿಟ್ಟರೂ ಮನೆತನದ ಹೆಸರು ಬಿಡದ ಹಾಗೆ.

ಈಗಿನ ಜಾಗದಲ್ಲಿ ಮೊದಲು ಇದ್ದದ್ದು 1910ರಲ್ಲಿ ತೆರೆದ ಹಳೇ ಪೆನ್ ಸ್ಟೇಷನ್. ಕಲ್ಲುಕಂಬ, ಗಾಜಿನ ಚಾವಣಿಯ ದೊಡ್ಡ ಕಟ್ಟಡ. ಕಾರು, ವಿಮಾನ ಬಂದ ಮೇಲೆ ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿ ನಷ್ಟಕ್ಕೆ ಬಿತ್ತು. ನೆಲದ ಮೇಲಿನ ಆಕಾಶದ ಹಕ್ಕನ್ನು ಮಾರಿತು. ಬದಲಿಗೆ ಹೊಸ ಗಾರ್ಡನ್‌ನಲ್ಲಿ ಶೇ 25ರಷ್ಟು ಪಾಲು ಮತ್ತು ನೆಲದಡಿಯಲ್ಲಿ ಒಂದು ಹೊಸ ನಿಲ್ದಾಣ ಸಿಕ್ಕಿತು. 1963ರ ಅಕ್ಟೋಬರ್‌ನಲ್ಲಿ ಒಡೆಯೋಕೆ ಶುರು ಮಾಡಿದರು. ಜನರಿಗೆ ಎಷ್ಟು ಸಿಟ್ಟು ಬಂತು ಅಂದ್ರೆ, 1965ರಲ್ಲಿ ನಗರ ಪಾರಂಪರಿಕ ಕಟ್ಟಡ ಉಳಿಸುವ ಕಾನೂನನ್ನೇ ತಂದಿತು. ನಿಲ್ದಾಣ ಮಾತ್ರ ಅಷ್ಟರಲ್ಲಿ ಹೋಗಿತ್ತು. 1968ರ ಫೆಬ್ರವರಿ 11ರಂದು ಈಗಿನ ಗಾರ್ಡನ್ ತೆರೆಯಿತು. ಎರಡು ವರ್ಷಕ್ಕೆ ಆ ರೈಲ್ವೆ ಕಂಪನಿಯೂ ದಿವಾಳಿ. ಮಾರಿದವರು ಮುಳುಗಿದರು, ಕೊಂಡವರು ಮೇಲೆ ಉಳಿದರು.

ಇದರ ಬೆಲೆ ಇವತ್ತಿಗೂ ಕೊಡುತ್ತಿರೋದು ಕೆಳಗಿನ ಪ್ರಯಾಣಿಕರು. ಮೇಲಿನ ಅಂಗಳದ ಭಾರ ಹೊರುವ ಕಂಬಗಳು ರೈಲು ಪ್ಲಾಟ್‌ಫಾರ್ಮ್‌ಗಳ ಮಧ್ಯದಿಂದಲೇ ಇಳಿದಿವೆ. ಪ್ಲಾಟ್‌ಫಾರ್ಮ್ ಇಕ್ಕಟ್ಟು, ಮೆಟ್ಟಿಲು ಕಿರಿದು, ಮೇಲ್ಛಾವಣಿ ತಲೆಗೆ ತಾಗುವ ಹಾಗೆ. 2017ರ ಏಪ್ರಿಲ್ 14ರಂದು, ಗುಡ್‌ಫ್ರೈಡೇ ದಿನ, ರೈಲು ಕೆಟ್ಟು ನಿಲ್ದಾಣದಲ್ಲಿ ಜನ ತುಂಬಿದ್ದಾಗ ಪೊಲೀಸರು ಒಬ್ಬನ ಮೇಲೆ ವಿದ್ಯುತ್ ಟೇಸರ್ ಬಳಸಿದರು. ಅದರ ಸದ್ದನ್ನೇ ಗುಂಡಿನ ಸದ್ದು ಅಂದುಕೊಂಡು ಜನ ದಿಕ್ಕಾಪಾಲಾಗಿ ಓಡಿದರು, 16 ಜನರಿಗೆ ಗಾಯ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನಲ್ಲಿ 11 ಜೀವ ಹೋದದ್ದನ್ನು ಕಂಡ ನಮಗೆ ಇದು ಅರ್ಥವಾಗಲು ಕಷ್ಟವಿಲ್ಲ. ಜನ ಸೇರುವ ಜಾಗದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಳಗೆ ಎಷ್ಟು ಸೀಟು ಅನ್ನೋದಲ್ಲ, ಹೊರಗೆ ಬರೋಕೆ ಎಷ್ಟು ದಾರಿ ಅನ್ನೋದು.

ಹೋಗೋದು ಹೇಗೆ, ಬರೋದು ಹೇಗೆ

ಎಡಿಸನ್, ಮೆಟ್ರೋಪಾರ್ಕ್ ಕಡೆಯಿಂದ ಹೋಗುವವರಿಗೆ ನ್ಯೂಜೆರ್ಸಿ ಟ್ರಾನ್ಸಿಟ್ ರೈಲು ನೇರವಾಗಿ ಕಟ್ಟಡದ ಬುಡಕ್ಕೇ ತಂದು ಬಿಡುತ್ತೆ. ಹೆಚ್ಚುಕಮ್ಮಿ ಒಂದು ಗಂಟೆ ದಾರಿ. ಇಲ್ಲಿ ಊರಿನವರು ಎಡವುವ ಒಂದು ವಿಷಯ ಇದೆ. ಪೆನ್ ಸ್ಟೇಷನ್ ಎಂಬ ಹೆಸರಲ್ಲಿ ಒಂದೇ ಲೈನಿನಲ್ಲಿ ಎರಡು ನಿಲ್ದಾಣ. ಮೊದಲು ಬರೋದು ನೆವಾರ್ಕ್ ಪೆನ್ ಸ್ಟೇಷನ್, ಅದು ಇನ್ನೂ ನ್ಯೂಜೆರ್ಸಿ. ರೈಲಿನಲ್ಲಿ ಕೂಗುವಾಗ 'ನೆವಾರ್ಕ್', 'ನ್ಯೂಯಾರ್ಕ್' ಎರಡೂ ಒಂದೇ ಥರ ಕೇಳುತ್ತೆ. ಅಲ್ಲಿ ಇಳಿಯಬಾರದು, ಇನ್ನೂ ಮುಂದೆ ನದಿಯ ಕೆಳಗಿನ ಸುರಂಗ ದಾಟಿ ಕೊನೆಗೆ ಬರೋದು ನ್ಯೂಯಾರ್ಕ್ ಪೆನ್ ಸ್ಟೇಷನ್.

ಜೆರ್ಸಿ ಸಿಟಿ, ಹೊಬೊಕೆನ್‌ನಲ್ಲಿ ಇರುವವರಿಗೆ ಪಾತ್ ರೈಲು ಸುಲಭ. ಅದು 33ನೇ ಬೀದಿ, 6ನೇ ಅವೆನ್ಯೂನಲ್ಲಿ ಇಳಿಸುತ್ತೆ, ಅಲ್ಲಿಂದ ಐದಾರು ನಿಮಿಷ ನಡಿಗೆ. ನಗರದೊಳಗಿನ ಮೆಟ್ರೋದಲ್ಲಿ 7ನೇ ಅವೆನ್ಯೂ ಕಡೆ 1, 2, 3 ನಂಬರ್, 8ನೇ ಅವೆನ್ಯೂ ಕಡೆ ಎ, ಸಿ, ಇ ಅಕ್ಷರದ ರೈಲುಗಳು. ಕಾರಿನ ಆಸೆ ಬಿಡಿ. ಗಾರ್ಡನ್‌ಗೆ ತನ್ನದೇ ಪಾರ್ಕಿಂಗ್ ಇಲ್ಲ, ಸುತ್ತಲ ಖಾಸಗಿ ಗ್ಯಾರೇಜ್‌ಗಳ ದರ ಕೆಲವೊಮ್ಮೆ ರೈಲು ಟಿಕೆಟಿನ ಎಷ್ಟೋ ಪಟ್ಟು.

ಮುಖ್ಯ ಬಾಗಿಲು 7ನೇ ಅವೆನ್ಯೂ ಕಡೆಗೆ. ಟಿಕೆಟ್ ಮೊಬೈಲಿನಲ್ಲೇ, ಕಾಗದದ್ದು ಈಗ ಇಲ್ಲ ಅಂತಲೇ ಅಂದುಕೊಳ್ಳಿ. ಒಳಗೆ ನೆಟ್‌ವರ್ಕ್ ಕೈಕೊಟ್ಟರೆ ಅಂತ ಮೊದಲೇ ಫೋನಿನ ವಾಲೆಟ್‌ಗೆ ಇಳಿಸಿಕೊಂಡಿರಬೇಕು. ದೊಡ್ಡ ಬ್ಯಾಗ್, ಸೂಟ್‌ಕೇಸ್ ಬಿಡಲ್ಲ. ಸೀಟಿನ ಕೆಳಗೆ ಹಿಡಿಸುವಷ್ಟು ಇದ್ದರೆ ಸಾಕು. ಏರ್‌ಪೋರ್ಟಿನಿಂದ ಲಗೇಜ್ ಸಮೇತ ನೇರ ಮ್ಯಾಚಿಗೆ ಬರುವ ಸಾಹಸ ಬೇಡ, ಬ್ಯಾಗ್ ಇಟ್ಟುಕೊಳ್ಳುವವರು ಅಲ್ಲಿ ಯಾರೂ ಇಲ್ಲ. ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟಿನಲ್ಲಿ ಮತ್ತೆ ಒಳಗೆ ಹೋಗೋಕೆ ಆಗಲ್ಲ.

ಸೀಟಿನ ಲೆಕ್ಕ ಹೀಗೆ. 100ರಿಂದ ಶುರುವಾಗುವ ಸಾಲುಗಳು ಅಂಗಳಕ್ಕೆ ಹತ್ತಿರ, ದುಬಾರಿ. 200ರವು ಮೇಲೆ. 2011ರಿಂದ 2013ರವರೆಗೆ ಸುಮಾರು 100 ಕೋಟಿ ಡಾಲರ್ ಸುರಿದು ಕಟ್ಟಡ ನವೀಕರಿಸಿದಾಗ ಚಾವಣಿಯಿಂದ ಎರಡು ಸೇತುವೆ ತೂಗುಹಾಕಿದರು, 300ರ ಸೀಟುಗಳು ಅದರಲ್ಲಿ. ಆ ಸೇತುವೆಯಿಂದ ಅಂಗಳ ನೇರ ಕಾಲಡಿಯಲ್ಲಿ ಕಾಣುತ್ತೆ. ಆದರೆ ಅದರ ಹಿಂದೆ, 200ರ ಕೊನೆಯ ಸಾಲುಗಳಲ್ಲಿ ಕೂತವರಿಗೆ ಮಧ್ಯದ ದೊಡ್ಡ ಸ್ಕೋರ್‌ಬೋರ್ಡ್ ಮರೆಯಾಗುತ್ತೆ. ಅಗ್ಗ ಅಂತ ಅಲ್ಲಿ ತೆಗೆಯುವ ಮುಂಚೆ ಯೋಚಿಸಿ. ದರದ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. ಮೊದಲು ಒಂದು ದರ ತೋರಿಸಿ ಹಣ ಕಟ್ಟುವಾಗ ಸೇವಾ ಶುಲ್ಕ ಅಂತ ಸೇರಿಸುತ್ತಿದ್ದರು. 2025ರ ಮೇ ತಿಂಗಳಿಂದ ಅಮೆರಿಕದಾದ್ಯಂತ ಕಾರ್ಯಕ್ರಮದ ಟಿಕೆಟಿಗೆ ಕಡ್ಡಾಯ ಶುಲ್ಕವೆಲ್ಲ ಸೇರಿದ ಪೂರ್ತಿ ದರವನ್ನೇ ಮೊದಲಿಗೆ ತೋರಿಸಬೇಕು ಅಂತ ನಿಯಮ ಬಂದಿದೆ.

ವಾಪಸ್ ಬರೋದೇ ಕಷ್ಟ. ಆಟ ಮುಗಿದ ಕೂಡಲೇ ಹದಿನೆಂಟು ಸಾವಿರ ಜನ ಒಟ್ಟಿಗೆ ಇಳಿಯುತ್ತಾರೆ. ಪೆನ್ ಸ್ಟೇಷನ್‌ನಲ್ಲಿ ಯಾವ ಪ್ಲಾಟ್‌ಫಾರ್ಮ್ ಅಂತ ರೈಲು ಹೊರಡುವ ಹತ್ತು ನಿಮಿಷ ಮುಂಚೆ ಬೋರ್ಡಿನಲ್ಲಿ ಬಂದರೆ ಪುಣ್ಯ. ನಂಬರ್ ಬಂದದ್ದೇ ತಡ, ಎಲ್ಲರೂ ಒಂದೇ ಕಿರಿದಾದ ಮೆಟ್ಟಿಲಿಗೆ ನುಗ್ಗುತ್ತಾರೆ. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಸೀಟಿನಲ್ಲೇ ಇನ್ನೊಂದು ಇಪ್ಪತ್ತು ನಿಮಿಷ ಕೂತಿದ್ದು, ಆ ರೈಲು ಬಿಟ್ಟು ಮುಂದಿನ ರೈಲು ಹಿಡಿಯೋದು ಬುದ್ಧಿವಂತಿಕೆ. ಹೋಗುವಾಗಲೇ ಬರುವ ಟಿಕೆಟನ್ನೂ ಆ್ಯಪ್‌ನಲ್ಲಿ ತೆಗೆದಿಟ್ಟುಕೊಳ್ಳಬೇಕು, ಕೊನೆಯ ರೈಲು ಎಷ್ಟೊತ್ತಿಗೆ ಅಂತಲೂ ನೋಡಿರಬೇಕು.

8ನೇ ಅವೆನ್ಯೂ ಆಚೆ ಬದಿಯ ಹಳೇ ಅಂಚೆ ಕಚೇರಿಯಲ್ಲಿ 2021ರ ಜನವರಿ 1ರಂದು ಮೊಯ್ನಿಹಾನ್ ಟ್ರೈನ್ ಹಾಲ್ ತೆರೆದಿದೆ. ಗಾಜಿನ ಚಾವಣಿ, ಗಾಳಿ ಬೆಳಕು ಎಲ್ಲ ಇದೆ. ಆದರೆ ಅದು ಮುಖ್ಯವಾಗಿ ದೂರದ ಆ್ಯಮ್‌ಟ್ರ್ಯಾಕ್ ಮತ್ತು ಲಾಂಗ್ ಐಲೆಂಡ್ ರೈಲಿನವರಿಗೆ. ನ್ಯೂಜೆರ್ಸಿಗೆ ಹೋಗುವ ನಮ್ಮವರ ಪಾಲಿಗೆ ಬಹುಪಾಲು ಹಳೇ ನೆಲಮಾಳಿಗೆಯೇ ಗತಿ.

ಬಾಗಿಲಲ್ಲಿ ಕ್ಯಾಮೆರಾ

ಹೋಗುವವರಿಗೆ ಯಾವ ಟೂರ್ ಏಜೆಂಟೂ ಹೇಳದ ಸಂಗತಿ ಇದು. ಗಾರ್ಡನ್‌ನ ಬಾಗಿಲಲ್ಲಿ ಮುಖ ಗುರುತಿಸುವ ಕ್ಯಾಮೆರಾಗಳಿವೆ. ಇದು ಮೊದಲು ಪತ್ರಿಕೆಗಳಲ್ಲಿ ಬಯಲಾದದ್ದು 2018ರಲ್ಲಿ. ಭದ್ರತೆಗೆ ಅಂತ ಹೇಳಿದರು. ಆದರೆ 2022ರ ನವೆಂಬರ್‌ನಲ್ಲಿ ಬೇರೆಯದೇ ಕಂಡಿತು. ಅದೇ ಮಾಲೀಕರ ಇನ್ನೊಂದು ರಂಗಮಂದಿರ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ಗೆ ಮಗಳು ಮತ್ತು ಅವಳ ಗರ್ಲ್ ಸ್ಕೌಟ್ ಗೆಳತಿಯರ ಜೊತೆ ಬಂದ ನ್ಯೂಜೆರ್ಸಿಯ ವಕೀಲೆಯೊಬ್ಬರನ್ನು ಕ್ಯಾಮೆರಾ ಹಿಡಿಯಿತು. ಅವರು ಕೆಲಸ ಮಾಡುವ ಸಂಸ್ಥೆ ಗಾರ್ಡನ್ ಗುಂಪಿನ ಒಂದು ರೆಸ್ಟೋರೆಂಟ್ ವಿರುದ್ಧ ಕೇಸು ಹಾಕಿತ್ತು. ಆ ಕೇಸಿಗೂ ಈ ವಕೀಲೆಗೂ ಸಂಬಂಧ ಇರಲಿಲ್ಲ. ಆದರೂ ಮಕ್ಕಳು ಒಳಗೆ, ತಾಯಿ ಹೊರಗೆ.

ಆಮೇಲೆ ಲೆಕ್ಕ ಹೊರಬಂತು. ಕಂಪನಿ ವಿರುದ್ಧ ಕೇಸು ನಡೆಸುತ್ತಿರುವ ಸುಮಾರು 90 ವಕೀಲ ಸಂಸ್ಥೆಗಳ ಪ್ರತಿಯೊಬ್ಬ ವಕೀಲರಿಗೂ ನಿಷೇಧ. 2023ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಪತ್ರ ಬರೆದು ವಿವರಣೆ ಕೇಳಿದರು. ಕಂಪನಿ ಹಿಂದೆ ಸರಿಯಲಿಲ್ಲ. 2025ರಲ್ಲಿ ಇನ್ನೊಂದು ಪ್ರಕರಣ ಸುದ್ದಿಯಾಯಿತು. ಮಾಲೀಕ ಜೇಮ್ಸ್ ಡೋಲನ್ ವಿರುದ್ಧ ಘೋಷಣೆ ಇರುವ ಟಿ-ಶರ್ಟ್ ವಿನ್ಯಾಸ ಮಾಡಿದ್ದಕ್ಕೆ ಒಬ್ಬ ಕಲಾವಿದನಿಗೆ ವರ್ಷಗಳ ನಂತರ ಬಾಗಿಲು ಮುಚ್ಚಿತು. ಅವನು ಅಂದು ಬಂದದ್ದು ಅಪ್ಪ-ಅಮ್ಮನ ಜೊತೆ ಸಂಗೀತ ಕೇಳೋಕೆ.

ನ್ಯೂಯಾರ್ಕ್ ನಗರದ 2021ರ ಕಾನೂನು ಪ್ರಕಾರ ಮುಖದ ಮಾಹಿತಿ ಸಂಗ್ರಹಿಸುವ ಅಂಗಡಿ, ರಂಗಮಂದಿರಗಳು ಬಾಗಿಲಲ್ಲಿ ಬೋರ್ಡ್ ಹಾಕಬೇಕು. ಹಾಕಿದರೆ ಮುಗಿಯಿತು, ಒಪ್ಪಿಗೆ ಕೇಳಬೇಕು ಅಂತಿಲ್ಲ. ಟಿಕೆಟ್ ಹಿಡಿದು ಬಂದವರನ್ನು ಸುಮ್ಮನೆ ತಡೆಯಬಾರದು ಅನ್ನುವ 1941ರ ಒಂದು ಹಳೇ ಕಾನೂನು ಇದೆ. ಅದು ನಾಟಕ, ಸಂಗೀತ ಕಾರ್ಯಕ್ರಮಗಳಿಗೆ ಅನ್ವಯ, ಕ್ರೀಡೆಗೆ ಇಲ್ಲ. ಹಾಗಾಗಿ ಒಂದೇ ಬಾಗಿಲು, ಒಬ್ಬನೇ ಮನುಷ್ಯ, ಸಂಗೀತದ ದಿನ ಒಂದು ಹಕ್ಕು, ಹಾಕಿಯ ದಿನ ಇನ್ನೊಂದು. ವಿಚಿತ್ರ ಅನ್ನಿಸಬಹುದು, ಆದರೆ ಕಾನೂನು ಇರೋದೇ ಹಾಗೆ.

ಊರಿಂದ ಹೋದ ಹಿರಿಯರಿಗೆ ಇದರಿಂದ ನೇರ ತೊಂದರೆ ಆಗೋದು ಕಡಿಮೆ. ಆದರೆ ಸೊಸೆಯೋ ಅಳಿಯನೋ ಅಲ್ಲಿ ವಕೀಲರ ಸಂಸ್ಥೆಯಲ್ಲಿ ಕೆಲಸಕ್ಕಿದ್ದರೆ ಟಿಕೆಟ್ ತೆಗೆಯುವ ಮುಂಚೆ ಒಂದು ಮಾತು ಕೇಳಿಕೊಳ್ಳಲಿ. ಇದಕ್ಕಿಂತ ದೊಡ್ಡ ಪ್ರಶ್ನೆಯೂ ಇದೆ. ಮುಖವೇ ಟಿಕೆಟ್ ಆಗುವ ವ್ಯವಸ್ಥೆ ನಮ್ಮ ಏರ್‌ಪೋರ್ಟ್‌ಗಳಿಗೆ ಡಿಜಿ ಯಾತ್ರಾ ಹೆಸರಲ್ಲಿ ಆಗಲೇ ಬಂದಿದೆ. ಅಲ್ಲಿ ಮುಖ ನೋಡಿ ಬಾಗಿಲು ತೆರೆಯುತ್ತೆ, ಇಲ್ಲಿ ಮುಖ ನೋಡಿ ಬಾಗಿಲು ಮುಚ್ಚುತ್ತೆ. ಯಂತ್ರದ ಕೆಲಸ ಎರಡೂ ಕಡೆ ಒಂದೇ, ಪಟ್ಟಿ ಯಾರ ಕೈಯಲ್ಲಿದೆ ಅನ್ನೋದರಲ್ಲಿ ವ್ಯತ್ಯಾಸ.

ತೆರಿಗೆ ಇಲ್ಲ, ಬಾಡಿಗೆ ಬೆದರಿಕೆ ಇದೆ

ಇಷ್ಟು ಬಿಗಿಯಾಗಿ ಬಾಗಿಲು ಕಾಯುವ ಮಾಲೀಕರು ನಗರಕ್ಕೆ ಆಸ್ತಿ ತೆರಿಗೆ ಕಟ್ಟೋದಿಲ್ಲ. 1982ರಲ್ಲಿ ನಿಕ್ಸ್ ಮತ್ತು ರೇಂಜರ್ಸ್ ಊರು ಬಿಟ್ಟು ಹೋಗುತ್ತವೆ ಎಂಬ ಭಯದಲ್ಲಿ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿತು. ಅದಕ್ಕೆ ಕೊನೆಯ ದಿನ ಅಂತ ಬರೆಯಲಿಲ್ಲ. ಈಗ ಅದರ ಮೊತ್ತ ವರ್ಷಕ್ಕೆ 4 ಕೋಟಿ ಡಾಲರ್ ದಾಟಿದೆ. ವಿನಾಯಿತಿ ತೆಗೆಯಬೇಕು ಅಂತ ಆಗಾಗ ಮಸೂದೆ ಬರುತ್ತೆ, ಅಲ್ಲೇ ಮಲಗುತ್ತೆ. ಲೀಸ್ ಮುಗಿದರೂ ಜಾಗ ಬಿಡದ ಕ್ಲಬ್‌ಗಳ ಕಥೆ ಕೇಳಿ ಬೆಳೆದ ನಮ್ಮ ಓದುಗರಿಗೆ ಇದು ಹೊಸದೇನಲ್ಲ.

ನಗರದ ಕೈಯಲ್ಲಿ ಉಳಿದಿರುವ ಒಂದೇ ಹಗ್ಗ ಪರವಾನಗಿ. ನ್ಯೂಯಾರ್ಕ್‌ನಲ್ಲಿ 2,500ಕ್ಕಿಂತ ಹೆಚ್ಚು ಸೀಟಿನ ಅಂಗಳಕ್ಕೆ ವಿಶೇಷ ಪರವಾನಗಿ ಬೇಕು. ಗಾರ್ಡನ್‌ಗೆ 1963ರಲ್ಲಿ ಸಿಕ್ಕಿದ್ದು 50 ವರ್ಷಕ್ಕೆ. 2013ರಲ್ಲಿ ಕೇಳಿದ್ದು ಕಾಯಂ, ಸಿಕ್ಕಿದ್ದು 10 ವರ್ಷ. ಆ ಹತ್ತು ವರ್ಷದಲ್ಲಿ ಬೇರೆ ಜಾಗ ನೋಡಿಕೊಳ್ಳಿ ಎಂಬ ಸೂಚನೆ ಅದರಲ್ಲಿತ್ತು. ಯಾರೂ ನೋಡಲಿಲ್ಲ. 2023ರಲ್ಲಿ ಮತ್ತೆ ಕಾಯಂ ಕೇಳಿದರು. ಅದೇ ವರ್ಷ ಪೆನ್ ಸ್ಟೇಷನ್ ಬಳಸುವ ರೈಲು ಸಂಸ್ಥೆಗಳು, ಈಗಿನ ರೂಪದಲ್ಲಿ ಅಂಗಳವೂ ನಿಲ್ದಾಣವೂ ಹೊಂದಿಕೊಂಡು ಹೋಗೋಕೆ ಆಗಲ್ಲ ಅಂತ ವರದಿ ಕೊಟ್ಟವು. ಅದರಲ್ಲಿ ಒಂದು ಮುಖ್ಯ ದೂರು ಲಾರಿಗಳದ್ದು. ದೊಡ್ಡ ಸಂಗೀತ ಕಾರ್ಯಕ್ರಮ ಬಂದರೆ ವೇದಿಕೆ, ಲೈಟು, ಸ್ಪೀಕರ್ ತುಂಬಿದ ಟ್ರೇಲರ್‌ಗಳು ಪಕ್ಕದ ಬೀದಿಗಳಲ್ಲೇ ನಿಂತು ಸಾಮಾನು ಇಳಿಸುತ್ತವೆ. ನಿಲ್ದಾಣದ ಬಾಗಿಲಿಗೇ ಅಡ್ಡ. ನಗರಸಭೆ 5 ವರ್ಷ ಕೊಟ್ಟು ಕೈತೊಳೆದುಕೊಂಡಿತು.

50, 10, 5. ಈ ಸಂಖ್ಯೆ ಇಳಿಯುತ್ತಾ ಬಂದದ್ದನ್ನು ನೋಡಿದರೆ ಇನ್ನೇನು ಎತ್ತಂಗಡಿ ಅನ್ನಿಸುತ್ತೆ. ಆದರೆ ಹಾಗಾಗೋದು ಕಷ್ಟ. ಪರವಾನಗಿ ಮುಗಿದರೂ ಕಟ್ಟಡವೂ ಅದರ ಹಕ್ಕೂ ಕಂಪನಿಯದ್ದೇ. ಪರಿಹಾರ ಕೊಡದೆ ಎಬ್ಬಿಸೋಕಾಗಲ್ಲ. ಹೊಸ ಅಂಗಳ ಕಟ್ಟೋಕೆ ನೂರಾರು ಕೋಟಿ ಡಾಲರ್ ಬೇಕು. ಅಷ್ಟು ಹಣವನ್ನು ಸಾರ್ವಜನಿಕ ಬೊಕ್ಕಸದಿಂದ ಒಬ್ಬ ಶ್ರೀಮಂತ ಮಾಲೀಕನಿಗೆ ಕೊಟ್ಟರೆ ಯಾವ ರಾಜಕಾರಣಿ ಓಟು ಕೇಳೋಕೆ ಹೋಗಬಲ್ಲ? ಅದಕ್ಕೇ ಎಲ್ಲರೂ ಗದರುತ್ತಾರೆ, ಯಾರೂ ಹೊಡೆಯಲ್ಲ.

2025ರಲ್ಲಿ ಮುಂದೆ ಬಂದ ಯೋಜನೆಗಳಲ್ಲಿ ಎರಡನ್ನು ಗಮನಿಸಬೇಕು. ಒಂದು, ಅಂಗಳವನ್ನು 7ನೇ ಅವೆನ್ಯೂ ಆಚೆಗೆ, 2023ರಲ್ಲಿ ಒಡೆದುಹಾಕಿದ ಹೋಟೆಲ್ ಪೆನ್ಸಿಲ್ವೇನಿಯಾ ಇದ್ದ ಖಾಲಿ ಜಾಗಕ್ಕೆ ಸಾಗಿಸಿ, ಈಗಿನ ಜಾಗದಲ್ಲಿ ಹಳೇ ಶೈಲಿಯ ನಿಲ್ದಾಣವನ್ನೂ ಉದ್ಯಾನವನ್ನೂ ಕಟ್ಟೋದು. ಇನ್ನೊಂದು, ಅಂಗಳವನ್ನು ಅಲ್ಲೇ ಬಿಟ್ಟು, ಅದಕ್ಕೆ ಅಂಟಿಕೊಂಡಿರುವ ಸುಮಾರು 5,600 ಸೀಟಿನ ಸಣ್ಣ ರಂಗಮಂದಿರವನ್ನು ಮಾತ್ರ ಖರೀದಿಸಿ ಒಡೆದು, 8ನೇ ಅವೆನ್ಯೂ ಕಡೆ ನಿಲ್ದಾಣಕ್ಕೆ ದೊಡ್ಡ ಬಾಗಿಲು ತೆಗೆಯೋದು. ಮೊದಲನೆಯದು ನೋಡೋಕೆ ಚೆಂದ. ಆದರೆ ಆಗುವ ಸಾಧ್ಯತೆ ಎರಡನೆಯದಕ್ಕೇ ಜಾಸ್ತಿ ಅನ್ನಿಸುತ್ತೆ. ಅದರಲ್ಲಿ ಮಾಲೀಕ ಕಳೆದುಕೊಳ್ಳೋದು ಕಡಿಮೆ, ಪಡೆಯೋದು ಹೆಚ್ಚು. ಕೇಂದ್ರ ಸಾರಿಗೆ ಇಲಾಖೆ 2027ರ ಕೊನೆಯೊಳಗೆ ಕೆಲಸ ಶುರು ಮಾಡುವ ಗುರಿಯನ್ನು 2025ರ ಆಗಸ್ಟ್‌ನಲ್ಲಿ ಘೋಷಿಸಿತ್ತು.

ಹಾಗಾದರೆ ಅಲ್ಲಿಗೆ ಹೋಗೋದೇ ಬೇಡವಾ? ಹಾಗಲ್ಲ. ಭಾರತದವರಿಗೆ ಈ ಅಂಗಳದ ಜೊತೆ ಒಂದು ಬೇರೆಯೇ ಲೆಕ್ಕ ಇದೆ. 2014ರ ಸೆಪ್ಟೆಂಬರ್ 28ರಂದು ಪ್ರಧಾನಿ ನರೇಂದ್ರ ಮೋದಿ ಇಲ್ಲಿ ಅನಿವಾಸಿ ಭಾರತೀಯರ ಮುಂದೆ ಮಾತಾಡಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಅದಕ್ಕೂ ಹಳೆಯದು 1971ರ ಆಗಸ್ಟ್ 1. ಪೂರ್ವ ಬಂಗಾಳದ ನಿರಾಶ್ರಿತರಿಗೆ ನೆರವಾಗಲು ಪಂಡಿತ್ ರವಿಶಂಕರ್ ಕೇಳಿಕೊಂಡದ್ದಕ್ಕೆ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಇಲ್ಲಿ ಒಂದೇ ದಿನ ಎರಡು ಕಾರ್ಯಕ್ರಮ ನಡೆಸಿದರು. ಸುಮಾರು 40 ಸಾವಿರ ಜನ. ಸಿತಾರ್‌ನಲ್ಲಿ ರವಿಶಂಕರ್, ಸರೋದ್‌ನಲ್ಲಿ ಅಲಿ ಅಕ್ಬರ್ ಖಾನ್, ತಬಲಾದಲ್ಲಿ ಅಲ್ಲಾರಖಾ. ಅವರು ಶ್ರುತಿ ಸರಿಮಾಡಿಕೊಂಡು ನಿಲ್ಲಿಸಿದಾಗ, ಅದೇ ರಾಗ ಅಂದುಕೊಂಡು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಶ್ರುತಿಗೇ ಇಷ್ಟು ಮೆಚ್ಚಿದ್ದೀರಿ, ನುಡಿಸೋದನ್ನು ಇನ್ನೂ ಮೆಚ್ಚುತ್ತೀರಿ ಅಂದುಕೊಳ್ಳುತ್ತೇವೆ ಎಂಬ ಅರ್ಥದಲ್ಲಿ ರವಿಶಂಕರ್ ನಗುತ್ತಾ ಹೇಳಿದ್ದು ರೆಕಾರ್ಡಿನಲ್ಲಿ ಈಗಲೂ ಕೇಳಿಸುತ್ತೆ. ಒಂದು ದೇಶದ ಸಂಕಟಕ್ಕೆ ಜಗತ್ತಿನ ದೊಡ್ಡ ಗಾಯಕರು ಹೀಗೆ ಒಟ್ಟಾಗಿ ಹಾಡಿದ ಮೊದಲ ದೊಡ್ಡ ಕಾರ್ಯಕ್ರಮ ಅಂತ ಅದನ್ನು ನೆನೆಯುತ್ತಾರೆ. ಅದೇ ವರ್ಷ ಮಾರ್ಚ್ 8ಕ್ಕೆ ಇದೇ ಅಂಗಳದಲ್ಲಿ ಮೊಹಮ್ಮದ್ ಅಲಿ, ಜೋ ಫ್ರೇಜಿಯರ್ ಎದುರು ಸೋತಿದ್ದ. ಹಾಡುಗಾರ ಬಿಲ್ಲಿ ಜೋಯಲ್ ಅಂತೂ 2014ರಿಂದ 2024ರ ಜುಲೈವರೆಗೆ ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಹಾಡಿ, ತನ್ನ ಒಟ್ಟು 150ನೇ ಕಾರ್ಯಕ್ರಮಕ್ಕೆ ಆ ಸರಣಿ ಮುಗಿಸಿದ.

ಇನ್ನೆರಡು ಮೂರು ವರ್ಷದಲ್ಲಿ ಹೋಗುವವರು ಒಂದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಗುರಿಯಂತೆ ಕೆಲಸ ಶುರುವಾದರೆ ಮೇಲೆ ಆಟ ನಡೆಯುತ್ತಿರುವಾಗಲೇ ಕೆಳಗೆ, ಪಕ್ಕದಲ್ಲಿ ಅಗೆತ ನಡೆಯುತ್ತೆ. ದಾರಿ, ಬಾಗಿಲು, ಮೆಟ್ಟಿಲುಗಳು ಬದಲಾಗಬಹುದು. ಮಕ್ಕಳು ಕಳೆದ ವರ್ಷ ಹೋಗಿದ್ದ ದಾರಿಯನ್ನೇ ನಂಬಿಕೊಳ್ಳದೆ, ಹೊರಡುವ ದಿನ ಬೆಳಗ್ಗೆ ನ್ಯೂಜೆರ್ಸಿ ಟ್ರಾನ್ಸಿಟ್ ಆ್ಯಪ್‌ನಲ್ಲಿ ರೈಲು ಇದೆಯಾ, ಯಾವ ಬಾಗಿಲು ತೆರೆದಿದೆ ಅಂತ ನೋಡಿಕೊಂಡು ಹೊರಡಬೇಕು. ವ್ಹೀಲ್‌ಚೇರ್ ಬೇಕಾದವರು ಟಿಕೆಟ್ ತೆಗೆಯುವಾಗಲೇ ಆ ಸೀಟು ಕೇಳಬೇಕು, ಅಲ್ಲಿಗೆ ಹೋದ ಮೇಲೆ ಬದಲಾಯಿಸಿಕೊಳ್ಳೋದು ಕಷ್ಟ.